ಶಿ ಯಾವುದು, ತ್ಸು ಯಾವುದು? ಜಪಾನಿ ಅಕ್ಷರಗಳು ಯಾಕೆ ಒಂದೇ ಥರ ಕಾಣುತ್ತವೆ

ಚಾಟ್‌ನಲ್ಲಿ ಎರಡೂ ಕೈ ಮೇಲೆತ್ತಿ "ನಂಗೇನ್ ಗೊತ್ತಪ್ಪಾ" ಅಂತ ಭುಜ ಕುಣಿಸುವ ಒಂದು ಮುಖ ಬರುತ್ತದಲ್ಲ, ಅದರ ನಡುವೆ ಇರುವ ನಗುಮುಖ ನಿಜಕ್ಕೂ ಒಂದು ಜಪಾನಿ ಅಕ್ಷರ. ツ. ಇದನ್ನು ತ್ಸು ಎಂದು ಓದಬೇಕು. ಈಗ ಇದನ್ನು ನೋಡಿ: シ. ಇದು ಶಿ. ಇನ್ನೂ ಎರಡಿವೆ, ソ ಮತ್ತು ン. ಮೊದಲನೆಯದು ಸೊ, ಎರಡನೆಯದು ನ್. ನಾಲ್ಕೂ ಒಂದೇ ಮನೆಯ ಮಕ್ಕಳ ಹಾಗೆ ಕಾಣುತ್ತವೆ ಅಲ್ವಾ? ತಮಾಷೆ ಏನಂದ್ರೆ ಈ ನಾಲ್ಕಕ್ಕೂ ಒಂದಕ್ಕೊಂದು ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ನೋಡಲು ಅಷ್ಟೇನೂ ಹೋಲದ ಅ (あ) ಮತ್ತು ನು (ぬ) ಇವೆಯಲ್ಲ, ಅವು ಹತ್ತಿರದ ಸಂಬಂಧಿಗಳು.

ಜಪಾನಿ ಕಲಿಯಲು ಶುರು ಮಾಡಿದ ಹೊಸದರಲ್ಲಿ ನಾನು シャツ ಎಂಬ ಪದವನ್ನು ಎದೆಯುಬ್ಬಿಸಿಕೊಂಡು "ತ್ಸ್ಯಾಶಿ" ಎಂದು ಓದಿದ್ದೆ. ಅದು ಶಾತ್ಸು, ಅಂದರೆ ನಮ್ಮ ಶರ್ಟು. ಕ್ಲಾಸಿನಲ್ಲಿ ಯಾರೂ ನಗಲಿಲ್ಲ, ಯಾಕಂದ್ರೆ ಮಿಕ್ಕವರಿಗೂ ಗೊತ್ತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಚೀಟಿಗಳಲ್ಲಿ ಬರೆದು ಬಾಯಿಪಾಠ ಮಾಡಿದರೂ ಗೊಂದಲ ಹೋಗಲಿಲ್ಲ. ಅದು ಹೋದದ್ದು ಈ ಅಕ್ಷರಗಳು ಎಲ್ಲಿಂದ ಬಂದವು ಎಂದು ಹುಡುಕಿ ಓದಿದ ಮೇಲೆ.

ಮೊದಲು ಸ್ವಲ್ಪ ಹಿನ್ನೆಲೆ. ಜಪಾನಿನವರಿಗೆ ತಮ್ಮದೇ ಲಿಪಿ ಇರಲಿಲ್ಲ. ಬರಹ ಚೀನಾದಿಂದ ಬಂತು. ಚೀನಾದ ಅಕ್ಷರ ಒಂದೊಂದಕ್ಕೂ ಅರ್ಥ ಇರುತ್ತದೆ. ಇವನ್ನೇ ಜಪಾನಿನಲ್ಲಿ ಕಾಂಜಿ ಎನ್ನುತ್ತಾರೆ. ಜಪಾನಿ ಭಾಷೆಯ ಜಾಯಮಾನ ಬೇರೆ. ನಮ್ಮ ಕನ್ನಡದ ಹಾಗೆ ಅಲ್ಲೂ ಪದದ ಬಾಲಕ್ಕೆ ಪ್ರತ್ಯಯ ಅಂಟಿಸುತ್ತಾ ಹೋಗಬೇಕು. ಚೀನಿಯಲ್ಲಿ ಆ ಪದ್ಧತಿಯೇ ಇಲ್ಲ. ಹಾಗಾದರೆ ಆ ಬಾಲಗಳನ್ನು ಬರೆಯುವುದು ಹೇಗೆ? ಅವರು ಕಂಡುಕೊಂಡ ಉಪಾಯ ಸರಳ: ಚೀನೀ ಅಕ್ಷರದ ಅರ್ಥ ಬಿಟ್ಟುಬಿಡುವುದು, ಶಬ್ದ ಮಾತ್ರ ಇಟ್ಟುಕೊಳ್ಳುವುದು. 安 ಎಂದರೆ ನೆಮ್ಮದಿ, ಓದುವುದು ಅನ್. ನೆಮ್ಮದಿ ಹಾಳಾಗಿ ಹೋಗಲಿ, ನಮಗೆ "ಅ" ಸಾಕು. 加 ಎಂದರೆ ಸೇರಿಸು, ಅದು "ಕ" ಆಯಿತು. 8ನೇ ಶತಮಾನದ ಮಾನ್‌ಯೋಶು ಎಂಬ ದೊಡ್ಡ ಕವಿತಾ ಸಂಗ್ರಹದಲ್ಲಿ ಈ ಪದ್ಧತಿ ಧಾರಾಳವಾಗಿ ಇರುವುದರಿಂದ ಇದಕ್ಕೆ ಮಾನ್‌ಯೋಗಾನ ಎಂದೇ ಹೆಸರು ಬಿತ್ತು.

ಉಪಾಯವೇನೋ ಸರಿ, ಬರೆಯುವ ಕೈಗೆ ಮಾತ್ರ ಕಷ್ಟ. "ಕಿ" ಅನ್ನಲು ಬಳಸುತ್ತಿದ್ದ 幾 ಬರೆಯಲು 12 ಗೆರೆ ಬೇಕು. ಒಂದು ಕಿ ಬರೆಯಲು 12 ಸಲ ಕುಂಚ ಎತ್ತಿ ಇಳಿಸುತ್ತಾ ಕೂತರೆ ಪತ್ರ ಮುಗಿಯುವುದು ಯಾವಾಗ? ಹಾಗಾಗಿ ಜನ ಎರಡು ದಾರಿ ಹಿಡಿದರು. ಒಂದು ಕಡೆ, ಇಡೀ ಅಕ್ಷರವನ್ನು ಕುಂಚ ಎತ್ತದೆ ಓಡುವ ಬರಹದಲ್ಲಿ ಬರೆದು ಬರೆದು, ಅದು ಸವೆದು ದುಂಡಗಾಗಿ ಹಿರಗಾನ ಆಯಿತು. ಪತ್ರ, ಕವಿತೆಗಳಲ್ಲಿ ಇದು ಬೆಳೆಯಿತು, ಹೆಂಗಸರು ಜಾಸ್ತಿ ಬಳಸುತ್ತಿದ್ದದ್ದರಿಂದ ಇದಕ್ಕೆ "ಹೆಣ್ಣು ಕೈ" ಎಂಬ ಹೆಸರೂ ಇತ್ತು. ಇನ್ನೊಂದು ಕಡೆ, ಬೌದ್ಧ ಭಿಕ್ಷುಗಳು ಚೀನೀ ಸೂತ್ರಗಳನ್ನು ಜಪಾನಿಯಲ್ಲಿ ಓದಿಕೊಳ್ಳಲು ಸಾಲುಗಳ ನಡುವೆ ಪುಟ್ಟ ಟಿಪ್ಪಣಿ ಹಾಕಿಕೊಳ್ಳುತ್ತಿದ್ದರು. ಜಾಗ ಇಲ್ಲ, ಹೊತ್ತೂ ಇಲ್ಲ. ಇಡೀ ಅಕ್ಷರದ ಬದಲು ಅದರ ಒಂದು ಚೂರು ಮಾತ್ರ ಮುರಿದು ಬರೆದರು. 9ನೇ ಶತಮಾನದಲ್ಲಿ ನಾರಾದ ಸುತ್ತಮುತ್ತಲ ಮಠಗಳಲ್ಲಿ ಹೀಗೆ ಶುರುವಾದದ್ದು ಕತಕಾನ. "ಕತ" ಎಂದರೆ ತುಂಡು, ಅರೆಬರೆ ಎಂದೇ ಅರ್ಥ.

ಇವತ್ತು ಎರಡರಲ್ಲೂ ತಲಾ 46 ಮೂಲ ಅಕ್ಷರಗಳಿವೆ. ಒಂದು ಸವೆದದ್ದು, ಇನ್ನೊಂದು ಮುರಿದದ್ದು. ಎರಡರಲ್ಲೂ ಅಕ್ಷರಗಳು ಒಂದನ್ನೊಂದು ಹೋಲುತ್ತವೆ, ಆದರೆ ಕಾರಣ ಬೇರೆ ಬೇರೆ.

ಹಿರಗಾನದಿಂದಲೇ ನೋಡೋಣ. ಮೆ (め) ಮತ್ತು ನು (ぬ) ಹೊಸಬರನ್ನು ಸತಾಯಿಸುವ ಜೋಡಿ. ಮೆ ಬಂದದ್ದು 女 ಎಂಬ ಕಾಂಜಿಯಿಂದ, ಅರ್ಥ ಹೆಣ್ಣು. ನು ಬಂದದ್ದು 奴 ಇಂದ, ಅಂದರೆ ಆಳು. 奴 ಅನ್ನು ಸರಿಯಾಗಿ ನೋಡಿ, ಅದರ ಎಡಕ್ಕೆ ಅದೇ 女 ಕೂತಿದೆ, ಬಲಕ್ಕೆ 又 ಇದೆ. ಅಂದರೆ ನು ಅಂದ್ರೆ ಮೆ ಜೊತೆಗೆ ಇನ್ನೊಂದು ಚೂರು, ಅಷ್ಟೇ. ಆ 又 ಸವೆದು ನು ಅಕ್ಷರದ ಬಾಲದಲ್ಲಿರುವ ಪುಟ್ಟ ಕುಣಿಕೆಯಾಗಿದೆ. ಇನ್ನು ನೆಮ್ಮದಿಯ 安 ನೋಡಿ. ಸೂರಿನ ಕೆಳಗೆ ಒಬ್ಬ ಹೆಣ್ಣು, ಮತ್ತೆ ಅದೇ 女. ಹಾಗಾಗಿ ಅ (あ) ಅಕ್ಷರದ ಕೆಳಗಿನ ಅರ್ಧ ಮೆ ಥರವೇ ಸುತ್ತುತ್ತದೆ. ಮೂರೂ ಅಕ್ಷರದ ಹೊಟ್ಟೆಯಲ್ಲಿ ಒಂದೇ ಹೆಣ್ಣು. ಇದನ್ನು ತಿಳಿದ ದಿನದಿಂದ ನನಗೆ ಮೆ, ನು ಗೊಂದಲ ಆಗಿಲ್ಲ.

ಇದು ನಿಜವಾದ ನೆಂಟಸ್ತಿಕೆ. ಅ ಮತ್ತು ಒ (お) ಕೂಡ ಒಂದೇ ಥರ ಕಾಣುತ್ತವೆ, ಆದರೆ ಒ ಬಂದದ್ದು 於 ಎಂಬ ಬೇರೆಯದೇ ಅಕ್ಷರದಿಂದ. ಅದು ಬರೀ ಕಾಕತಾಳೀಯ.

ಇನ್ನೊಂದು ಗುಂಪು ಇದಕ್ಕಿಂತ ಮಜವಾಗಿದೆ: ಕೆ (け), ನಿ (に), ಹ (は), ಹೊ (ほ). ನಾಲ್ಕಕ್ಕೂ ಎಡಗಡೆ ಒಂದೇ ಒಂದು ಉದ್ದ ಗೀಟು. ನೋಡಿದರೆ ನಾಲ್ಕೂ ಒಂದೇ ವಂಶ ಅನ್ನಿಸುತ್ತದೆ. ಆದರೆ ಮೂಲಗಳು ಕ್ರಮವಾಗಿ 計, 仁, 波, 保. ಮೊದಲನೆಯದರ ಎಡಗಡೆ ಇರುವುದು "ಮಾತು" ಎಂಬ ಅರ್ಥದ ಭಾಗ, ಅದಕ್ಕೆ 7 ಗೆರೆ. ಹ ಅಕ್ಷರದ ತಾಯಿಯ ಎಡಗಡೆ ನೀರಿನ 3 ಹನಿ, ಅದು ಅಲೆ ಎಂಬ ಪದ, ನೀರು ಇರಲೇಬೇಕಲ್ಲ. ನಿ ಮತ್ತು ಹೊ ಅಕ್ಷರಗಳ ತಾಯಂದಿರಿಗೆ ಎಡಗಡೆ ಮನುಷ್ಯನ ಗುರುತು, 2 ಗೆರೆ. 7 ಗೆರೆ, 3 ಗೆರೆ, 2 ಗೆರೆ, ಎಲ್ಲವೂ ಓಡುವ ಕುಂಚದಲ್ಲಿ ಮೇಲಿಂದ ಕೆಳಕ್ಕೆ ಎಳೆದ ಒಂದೇ ಗೀಟಾಗಿಬಿಟ್ಟಿವೆ. ಬೇಗ ಬರೆಯುವ ಕೈ ಅಕ್ಷರದ ಎಡಭಾಗವನ್ನು "ಇಲ್ಲೇನೋ ಒಂದಿತ್ತು" ಅನ್ನುವಷ್ಟಕ್ಕೆ ಮುಗಿಸಿ ಬಲಕ್ಕೆ ಹಾರುತ್ತದೆ. ವ್ಯತ್ಯಾಸವೆಲ್ಲ ಬಲಗಡೆಯೇ ಉಳಿಯುತ್ತದೆ. ನಿ ಅಕ್ಷರದ ಬಲಕ್ಕೆ ಇರುವ ಎರಡು ಗೆರೆ 仁 ಒಳಗಿರುವ 二, ಅಂದರೆ ಎರಡು ಎಂಬ ಅಂಕಿ.

ಹೊ (ほ) ಮತ್ತು ಮ (ま) ವಿಷಯದಲ್ಲೂ ಹೀಗೆಯೇ. ಹೊ ಬಲಭಾಗ ನೋಡಿದರೆ ಮ ಅಂತಲೇ ಅನ್ನಿಸುತ್ತದೆ, ಒಂದು ಸಣ್ಣ ವ್ಯತ್ಯಾಸ ಬಿಟ್ಟು. ಮ ಅಕ್ಷರದಲ್ಲಿ ಉದ್ದ ಕಡ್ಡಿ ಮೇಲಿನ ಗೆರೆಯನ್ನು ದಾಟಿ ತಲೆ ಹೊರಗೆ ಹಾಕುತ್ತದೆ, ಹೊ ಅಕ್ಷರದಲ್ಲಿ ದಾಟುವುದಿಲ್ಲ. ಮೂಲ ನೋಡಿ: ಮ ಬಂದ 末 ಅಕ್ಷರದಲ್ಲಿ ಮರದ ಕಾಂಡ ಎರಡೂ ಗೆರೆ ಸೀಳಿ ಮೇಲೆ ಬಂದಿದೆ. 保 ಅಕ್ಷರದಲ್ಲಿ ಮರದ ಮೇಲೆ ಒಂದು ಚೌಕ ಮುಚ್ಚಳದ ಹಾಗೆ ಕೂತಿದೆ. ಮುಚ್ಚಳ ಇದ್ದರೆ ಕಾಂಡ ಹೊರಗೆ ಬರುವುದು ಹೇಗೆ?

ಇನ್ನು ವ (わ), ನೆ (ね), ರೆ (れ). ಮೂರಕ್ಕೂ ಎಡಭಾಗ ಒಂದೇ, ಕೊನೆಯ ಬಾಲ ಮಾತ್ರ ಬೇರೆ. ತಾಯಂದಿರು 和, 祢, 礼. ಎಡಗಡೆ ನೋಡಿ: ಮೊದಲನೆಯದರಲ್ಲಿ ಪೈರಿನ ಗುರುತು, ಉಳಿದೆರಡರಲ್ಲಿ ದೇವರ ಕಾರ್ಯದ ಗುರುತು. ಕಾಂಜಿಯಲ್ಲೇ ಅವು ಹತ್ತಿರ ಹತ್ತಿರ ಇದ್ದವು, ಕುಂಚ ಪೂರ್ತಿ ಒಂದು ಮಾಡಿತು. ಬಲಗಡೆ ಮಾತ್ರ ತಮ್ಮ ತಮ್ಮ ತಾಯಿಯದ್ದೇ. 和 ಬಲಕ್ಕೆ ಬಾಯಿಯ ಚೌಕ 口, ಅದು ದುಂಡಗಾಗಿ ವ ಅಕ್ಷರದ ಒಳಮುಖದ ಹೊಟ್ಟೆಯಾಯಿತು. 礼 ಬಲಕ್ಕೆ ಹೊರಗೆ ಬಾಗಿದ ಕೊಕ್ಕೆ, ಅದಕ್ಕೇ ರೆ ಅಕ್ಷರದ ಬಾಲ ಹೊರಕ್ಕೆ ಚಿಮ್ಮುತ್ತದೆ. 祢 ಬಲಗಡೆ ಗೆರೆಗಳು ಜಾಸ್ತಿ, ಅವೆಲ್ಲ ಗಂಟು ಬಿದ್ದು ನೆ ಅಕ್ಷರದ ಕುಣಿಕೆಯಾಯಿತು. ರು (る) ಮತ್ತು ರೊ (ろ) ಕೂಡ ಇಂಥದೇ ಜೋಡಿ, ಒಂದಕ್ಕೆ ಕುಣಿಕೆ, ಇನ್ನೊಂದಕ್ಕೆ ಇಲ್ಲ. ಆದರೆ ಅವುಗಳ ಮೂಲ 留 ಮತ್ತು 呂, ನೆಂಟಸ್ತಿಕೆ ಏನೂ ಇಲ್ಲ. ಕನ್ನಡಿ ಹಿಡಿದ ಹಾಗೆ ಕಾಣುವ ಸ (さ) ಮತ್ತು ಚಿ (ち) ಕೂಡ ಅಷ್ಟೇ. ಒಂದು "ಎಡ" ಎಂಬ 左 ಇಂದ, ಇನ್ನೊಂದು "ತಿಳಿ" ಎಂಬ 知 ಇಂದ.

ಇಲ್ಲಿ ಒಂದು ಮಾತು. ನಮ್ಮಲ್ಲಿ ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಹೋಲುತ್ತವೆ, ಶಬ್ದವೂ ಹತ್ತಿರ ಹತ್ತಿರ. ಆಕಾರ ನೋಡಿ ಶಬ್ದ ಊಹಿಸಬಹುದು ಎಂಬ ಆಸೆ ಕನ್ನಡದವರಿಗೆ ಹುಟ್ಟುವುದು ಸಹಜ. (ವ, ಪ, ಷ, ಮ ನೋಡಿದ ಹೊರಗಿನವರು ನಮ್ಮ ಬಗ್ಗೆ ಏನಂದುಕೊಳ್ಳುತ್ತಾರೋ, ಅದು ಬೇರೆ ಮಾತು.) ಜಪಾನಿಯಲ್ಲಿ ಈ ಆಸೆ ನಡೆಯುವುದು ಒಂದೇ ಕಡೆ: ಕ (か) ಪಕ್ಕಕ್ಕೆ ಎರಡು ಸಣ್ಣ ಗೀಟು ಹಾಕಿದರೆ ಗ (が). ಉಳಿದಂತೆ ಆಕಾರಕ್ಕೂ ಶಬ್ದಕ್ಕೂ ಸಂಬಂಧ ಇಲ್ಲ. ಆದರೆ ಅಕ್ಷರಮಾಲೆಯ ಕ್ರಮ ಇದೆಯಲ್ಲ, ಅದನ್ನು ಕೇಳಿದರೆ ನಿಮಗೆ ಮನೆಗೆ ಬಂದ ಹಾಗಾಗುತ್ತದೆ. ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಮಂತ್ರಗಳನ್ನು ಸಿದ್ಧಂ ಎಂಬ ಭಾರತದ ಹಳೇ ಲಿಪಿಯಲ್ಲಿ ಕಲಿಯುತ್ತಿದ್ದ ಬೌದ್ಧ ಭಿಕ್ಷುಗಳ ಮೂಲಕ ಭಾರತದ ವರ್ಣಮಾಲೆಯ ಕ್ರಮ ಅಲ್ಲಿಗೆ ಹೋಯಿತು. ನಮ್ಮ ಪ ವರ್ಗದ ಜಾಗದಲ್ಲಿ ಅವರಿಗೆ ಹ ಇದೆ, ಯಾಕಂದ್ರೆ ಅವರ ಹ ಹಿಂದೆ ಪ ಆಗಿತ್ತು. ಹಾಲು ಹಿಂದೆ ಪಾಲು ಆಗಿದ್ದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಂತೂ ಶಬ್ದದ ಸಾಲು ನಮ್ಮ ಕಡೆಯಿಂದ ಹೋದದ್ದು, ಆಕಾರಗಳು ಚೀನಾದ್ದು.

ಈಗ ಕತಕಾನಕ್ಕೆ ಬರೋಣ. ಇಲ್ಲಿ ಸಮಸ್ಯೆಯೇ ಬೇರೆ. 46 ಅಕ್ಷರಗಳಲ್ಲಿ 4 ಗೆರೆ ಇರುವವು ಎರಡೇ, ನೆ (ネ) ಮತ್ತು ಹೊ (ホ). ಉಳಿದ ಎಲ್ಲವೂ 3 ಗೆರೆ ಅಥವಾ ಅದಕ್ಕಿಂತ ಕಮ್ಮಿ. ನೊ (ノ), ಫು (フ), ಹೆ (ヘ), ರೆ (レ) ಅಂತೂ ಒಂದೊಂದೇ ಗೆರೆ. ಚೀನೀ ಬರಹದಲ್ಲಿ ಮೂಲ ಗೆರೆಗಳೇ ಬೆರಳೆಣಿಕೆಯಷ್ಟು. 永 ಎಂಬ ಒಂದು ಅಕ್ಷರದಲ್ಲೇ 8 ಬಗೆಯ ಗೆರೆ ಇವೆ ಎಂದು ಅದನ್ನೇ ಮತ್ತೆ ಮತ್ತೆ ತಿದ್ದಿಸಿ ಕುಂಚ ಹಿಡಿಯುವುದನ್ನು ಕಲಿಸುವ ಸಂಪ್ರದಾಯವಿದೆ. ಇಷ್ಟು ಕಮ್ಮಿ ಸಾಮಾನಿನಲ್ಲಿ, ತಲಾ ಎರಡು ಮೂರು ಗೆರೆಯಲ್ಲಿ 46 ಗುರುತು ಮಾಡಿದರೆ ಡಿಕ್ಕಿ ಆಗದೆ ಇರುತ್ತದೆಯೇ? ಫು (フ), ವ (ワ), ಉ (ウ), ರ (ラ), ನು (ヌ), ಸು (ス), ಕು (ク) ಎಲ್ಲದರಲ್ಲೂ ಅಡ್ಡ ಹೋಗಿ ಎಡಕ್ಕೆ ಕೆಳಗೆ ಬಾಗುವ ಅದೇ ಗೆರೆ. ಜೊತೆಗೆ ಇವನ್ನು ಯಾರೂ ಒಟ್ಟಿಗೆ ಕೂತು "ಒಂದರ ಹಾಗೆ ಇನ್ನೊಂದು ಇರಬಾರದು" ಎಂದು ಯೋಚಿಸಿ ಮಾಡಿದ್ದಲ್ಲ. ಟಿಪ್ಪಣಿ ಹಾಕಿಕೊಂಡವರಿಗೆ ತಾನು ಬರೆದದ್ದು ತನಗೆ, ತನ್ನ ಗುರುವಿಗೆ, ತನ್ನ ಶಿಷ್ಯನಿಗೆ ಅರ್ಥವಾದರೆ ಸಾಕಿತ್ತು. ಬೇರೆ ಬೇರೆ ಪಂಥದವರ ಚೂರುಗಳು ಬೇರೆ ಬೇರೆ ಇದ್ದವು. ಅವೆಲ್ಲ ಒಂದು ಹದಕ್ಕೆ ಬರಲು ಶತಮಾನಗಳೇ ಹಿಡಿದವು.

ನಮ್ಮ ನಾಲ್ವರು ಕಿಲಾಡಿಗಳ ಕಥೆ ಇಲ್ಲಿಯೇ ಇರುವುದು. ಶಿ (シ) ಬಂದದ್ದು 之 ಇಂದ, ತ್ಸು (ツ) 川 ಇಂದ ಎಂಬುದು ಸಾಮಾನ್ಯವಾಗಿ ಒಪ್ಪಿದ ಮಾತು, ಸೊ (ソ) 曽 ಎಂಬುದರ ತಲೆಯ ಮೇಲಿನ ಎರಡು ಗೆರೆ. ನ್ (ン) ಎಲ್ಲಿಂದ ಬಂತು ಎಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಒಮ್ಮತ ಇಲ್ಲ. ಈಗ ಒಂದು ವಿಚಿತ್ರ ಗಮನಿಸಿ. ಹಿರಗಾನದ ಶಿ, ತ್ಸು, ಸೊ ಅಕ್ಷರಗಳಿಗೂ ತಾಯಂದಿರು ಇವೇ ಮೂವರು. ಆದರೆ ಅಲ್ಲಿ ಅವು し, つ, そ. ಯಾರಿಗಾದರೂ ಗೊಂದಲ ಆಗುತ್ತದೆಯೇ? ಇಲ್ಲವೇ ಇಲ್ಲ. ಅದೇ ತಾಯಿ, ಸವೆದ ಮಕ್ಕಳು ಬೇರೆ ಬೇರೆ, ಮುರಿದ ಮಕ್ಕಳು ಅವಳಿ ಜವಳಿ. ತಿರುಗಿಸಿ ನೋಡಿದರೂ ಇದೇ. ಹಿರಗಾನದಲ್ಲಿ ಕಾಡುವ ಕೆ, ನಿ, ಹ, ಹೊ ಕತಕಾನದಲ್ಲಿ ケ, ニ, ハ, ホ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿವೆ. ವ, ನೆ, ರೆ ಕೂಡ ワ, ネ, レ. ಇಲ್ಲಿ ವ ಮತ್ತು ರೆ ಬಲಗಡೆಯ ಚೂರು, ನೆ ಮಾತ್ರ ಎಡಗಡೆಯದು. ಹಾಗಾಗಿ ಎಡಗಡೆಯ ಹೋಲಿಕೆ ತಾನಾಗಿಯೇ ತಪ್ಪಿತು.

ಹಾಗಾದರೆ シ ಮತ್ತು ツ ಬೇರೆ ಮಾಡುವುದು ಹೇಗೆ? ಕಣ್ಣಿನಿಂದ ಅಲ್ಲ, ಕೈಯಿಂದ. ಒಂದು ಪೆನ್ನು ತೆಗೆದುಕೊಳ್ಳಿ. ಹಿರಗಾನದ ಶಿ (し) ಬರೆಯಿರಿ: ಮೇಲಿಂದ ಕೆಳಗೆ ಇಳಿದು, ಬಲಕ್ಕೆ ಮೇಲೇಳುತ್ತದೆ. ಕತಕಾನದ ಶಿ ಕೂಡ ಅದೇ ಪ್ರಯಾಣ. ಎಡಗಡೆ ಒಂದರ ಕೆಳಗೊಂದು ಎರಡು ಚಿಕ್ಕ ಗೆರೆ, ಆಮೇಲೆ ಮೂರನೆಯದು ಕೆಳಗಿಂದ ಬಲಕ್ಕೆ ಮೇಲೆ ಚಿಮ್ಮುತ್ತದೆ. ಈಗ ಹಿರಗಾನದ ತ್ಸು (つ): ಮೇಲೆ ಎಡದಿಂದ ಬಲಕ್ಕೆ ಹೋಗಿ ಕೆಳಗೆ ಬಾಗುತ್ತದೆ. ಕತಕಾನದ ತ್ಸು: ಮೇಲೆ ಪಕ್ಕ ಪಕ್ಕ ಎರಡು ಗೆರೆ, ಆಮೇಲೆ ಮೂರನೆಯದು ಬಲದಿಂದ ಎಡಕ್ಕೆ ಕೆಳಗೆ ಇಳಿಯುತ್ತದೆ. ಒಂದು ಗೆರೆ ಕಮ್ಮಿ ಮಾಡಿ. ನ್ (ン) ಶಿ ಥರ ಮೇಲೇಳುತ್ತದೆ, ಸೊ (ソ) ತ್ಸು ಥರ ಕೆಳಗಿಳಿಯುತ್ತದೆ. ಸೊ ಯಾಕೆ ಕೆಳಗಿಳಿಯಬೇಕು ಎಂದರೆ, ಅದು 曽 ತಲೆಯ ಮೇಲಿನ ಕೊಂಬುಗಳು, ಕೊಂಬು ಮೇಲೇ ಇರಬೇಕಲ್ಲ.

ಕುಂಚದ ಕಾಲದಲ್ಲಿ ಇದು ಇಷ್ಟು ಕಷ್ಟ ಇರಲಿಲ್ಲ. ಕುಂಚ ಊರಿದ ಕಡೆ ಗೆರೆ ದಪ್ಪ, ಎತ್ತಿದ ಕಡೆ ಸಣ್ಣ. ಶಿ ಅಕ್ಷರದ ಬಾಲ ಕೆಳಗೆ ದಪ್ಪ, ಮೇಲೆ ಚೂಪು. ತ್ಸು ಅಕ್ಷರದ್ದು ಮೇಲೆ ದಪ್ಪ, ಕೆಳಗೆ ಚೂಪು. ಗೆರೆಯೇ ತಾನು ಯಾವ ಕಡೆ ಓಡಿದೆ ಎಂದು ಹೇಳುತ್ತಿತ್ತು. ಬಾಲ್ ಪೆನ್ನು ಬಂತು, ಎಲ್ಲ ಗೆರೆಯೂ ಒಂದೇ ದಪ್ಪ ಇರುವ ಫಾಂಟ್‌ಗಳು ಬಂದವು, ಆ ಸುಳಿವು ಅಳಿಸಿಹೋಯಿತು. ಮೊಬೈಲ್ ಪರದೆಯಲ್ಲಿ ಕಲಿಯುವ ನಮಗೆ ಸಿಗುವುದು ಓಟ ನಿಂತುಹೋದ ಅಕ್ಷರ. ಇದಕ್ಕೇ ನನ್ನ ಸಲಹೆ ಏನಂದ್ರೆ, ಟೈಪ್ ಮಾಡಿ ಕಲಿಯುವವರು ಮೊದಲ ಒಂದು ತಿಂಗಳಾದರೂ ಕೈಯಲ್ಲಿ ಬರೆಯಿರಿ. ಇನ್ನೊಂದು ಕಿರಿಕಿರಿಯೂ ಇದೆ: ಸ (さ), ಕಿ (き) ಅಕ್ಷರಗಳ ಕೆಳಗಿನ ಬಿಲ್ಲು ಅಚ್ಚಿನಲ್ಲಿ ಅಂಟಿಕೊಂಡೇ ಇರುತ್ತದೆ, ಕೈಬರಹದಲ್ಲಿ ಬಿಟ್ಟು ಬರೆಯುತ್ತಾರೆ. ಎರಡೂ ಸರಿ. ಪುಸ್ತಕದಲ್ಲಿ ನೋಡಿದ್ದು ಟೀಚರ್ ಬರೆದಂತಿಲ್ಲ ಎಂದು ಗಾಬರಿ ಬೀಳಬೇಡಿ.

ಕೆಲವು ಕತಕಾನಗಳು ಕಾಂಜಿಯನ್ನು ಹೋಲುತ್ತವೆ ಎಂದು ಜನ ದೂರುತ್ತಾರೆ. ಹೋಲುವುದೇನು ಬಂತು, ಅವು ಅವೇ. ಕ (カ) ಎಂದರೆ 加 ಅಕ್ಷರದ ಎಡ ಅರ್ಧ, ಅದು "ಶಕ್ತಿ" ಎಂಬ 力. ತ (タ) 多 ಅಕ್ಷರದ ಅರ್ಧ, ಅದು "ಸಂಜೆ" ಎಂಬ 夕. ಎ (エ) 江 ಅಕ್ಷರದ ಬಲಭಾಗ, 工. ನಿ (ニ) ಎರಡು ಎಂಬ ಅಂಕಿಯೇ, ಹ (ハ) ಎಂಟು ಎಂಬ ಅಂಕಿಯೇ. ರೊ (ロ) ಬಾಯಿ. ಕಂಪ್ಯೂಟರಿಗೆ ಮಾತ್ರ ಇವು ಬೇರೆ ಬೇರೆ, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಕತಕಾನದ ಕ ಬದಲು ಶಕ್ತಿಯ ಕಾಂಜಿ ಹಾಕಿ ಹುಡುಕಿದರೆ ಪದ ಸಿಗದೆ ಹೋಗಬಹುದು, ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣುವುದೂ ಇಲ್ಲ. ಹೆ ಅಂತೂ ಹಿರಗಾನದಲ್ಲೂ ಕತಕಾನದಲ್ಲೂ ಒಂದೇ ಗುಡ್ಡ: へ, ヘ. ಎರಡೂ 部 ಅಕ್ಷರದ ಬಲಗಡೆಯ ಚೂರಿನಿಂದ ಬಂದವು. ಇದ್ದದ್ದೇ ಅಷ್ಟು, ಅದರಲ್ಲಿ ವ್ಯತ್ಯಾಸ ಮಾಡಲು ಏನು ಉಳಿದಿದೆ? ಓದುವವರು ಅಕ್ಕಪಕ್ಕದ ಅಕ್ಷರ ನೋಡಿ ಯಾವುದು ಎಂದು ತೀರ್ಮಾನಿಸುತ್ತಾರೆ, ಅದೂ ಗೊತ್ತೇ ಆಗದಷ್ಟು ಬೇಗ.

1900ರವರೆಗೆ ಒಂದು ಶಬ್ದಕ್ಕೆ ಒಂದೇ ಅಕ್ಷರ ಎಂಬ ಕಟ್ಟುಪಾಡೂ ಇರಲಿಲ್ಲ. ಹಿರಗಾನದಲ್ಲಿ ಒಂದು "ಹ" ಬರೆಯಲು ಹಲವು ಆಕಾರ ಇದ್ದವು, ಒಂದೊಂದೂ ಬೇರೆ ಬೇರೆ ಕಾಂಜಿಯಿಂದ ಸವೆದು ಬಂದವು. ಬರೆಯುವವರು ತಮಗೆ ಚೆಂದ ಕಂಡದ್ದನ್ನು ಹಾಕುತ್ತಿದ್ದರು. ಆ ವರ್ಷ ಪ್ರಾಥಮಿಕ ಶಾಲೆಗಳ ನಿಯಮ ಬಂದು, ಒಂದು ಶಬ್ದಕ್ಕೆ ಒಂದೇ ಎಂದು ಆರಿಸಿ ಮಿಕ್ಕದ್ದನ್ನು ಪಕ್ಕಕ್ಕೆ ಇಟ್ಟರು. ಆರಿಸುವಾಗ ನೋಡಿದ್ದು ರೂಢಿಯನ್ನು, ಕಲಿಯುವ ಪರದೇಶಿಯ ಕಷ್ಟವನ್ನಲ್ಲ. ಬಿಟ್ಟುಹೋದವನ್ನು ಹೆಂತಾಯ್‌ಗಾನ ಎನ್ನುತ್ತಾರೆ. ಹಳೇ ಶೈಲಿಯ ಸೊಬಾ (ಒಂದು ಬಗೆಯ ನೂಡಲ್ಸ್) ಹೋಟೆಲುಗಳ ಬೋರ್ಡಿನಲ್ಲಿ ಅವು ಈಗಲೂ ಸಿಗುತ್ತವೆ. 2017ರಲ್ಲಿ ಅವುಗಳ ಪೈಕಿ 285 ಆಕಾರಗಳಿಗೆ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರುಗಳು ಬಳಸುವ ಅಕ್ಷರಗಳ ಪಟ್ಟಿಯಲ್ಲಿ, ಜಾಗವೂ ಸಿಕ್ಕಿತು. 1946ರ ಹೊಸ ಕಾಗುಣಿತದಲ್ಲಿ ವಿ (ゐ) ಮತ್ತು ವೆ (ゑ) ಕೂಡ ದಿನದ ಬಳಕೆಯಿಂದ ಹೋದವು. ರು (る) ಪಕ್ಕ ಇವೆರಡನ್ನೂ ಇಟ್ಟು ನೋಡಿ, ಹೋದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ವೆ ಅಕ್ಷರದ ಕತಕಾನ ರೂಪ ಮಾತ್ರ ಎಬಿಸು ಬಿಯರ್ ಬಾಟಲಿಯ ಮೇಲೆ ಇನ್ನೂ ಆರಾಮಾಗಿದೆ: ヱビス.

ಕೊನೆಗೆ ಒಂದು ಪದ ಕೊಡುತ್ತೇನೆ, ಜಪಾನಿನ ಪೆಟ್ರೋಲ್ ಬಂಕುಗಳಿಗೆ ಸಂಬಂಧಪಟ್ಟದ್ದು: ガソリン. ನಾನು ಮೊದಲು ಇದನ್ನು "ಗನ್‌ರಿಸೊ" ಎಂದು ಓದಿ ಯಾವುದೋ ಇಟಾಲಿಯನ್ ತಿಂಡಿ ಇರಬೇಕು ಅಂದುಕೊಂಡಿದ್ದೆ. ಎರಡನೇ ಅಕ್ಷರದ ಉದ್ದ ಗೆರೆ ಕೆಳಗೆ ಇಳಿಯುತ್ತಿದೆಯೋ ಮೇಲೆ ಏಳುತ್ತಿದೆಯೋ, ಕೊನೆಯ ಅಕ್ಷರದ್ದು ಯಾವ ಕಡೆ, ಒಮ್ಮೆ ಬೆರಳಲ್ಲಿ ಗಾಳಿಯಲ್ಲಿ ಬರೆದು ನೋಡಿ.